ಭಾವ-ಬಾಮೈದರ ತೆರಿಗೆ ಮಾಫಿ

ಕನಕಪುರ ತಾಲ್ಲೂಕಿನ ಸೀಗೆಪಾಳ್ಯದ ಪಂಚಾಯ್ತಿ ಅಧ್ಯಕ್ಷ ಬೋರಲಿಂಗಯ್ಯನ ಅಕ್ಕ ಸಿದ್ದಮ್ಮನನ್ನು ಗಡಿಯಾಚೆ, ಹೊಸೂರಿನ ಕಡೆಗೆ ಕೊಟ್ಟಿತ್ತು. ಆಕೆಯ ಗಂಡ ಚೆಲುವಯ್ಯನೂ ಅಲ್ಲಿನ ಪಂಚಾಯ್ತಿ ಅಧ್ಯಕ್ಷನೇ. ಎರಡೂ ಮನೆಯ ಮಾತು ಕನ್ನಡ, ಊಟ ರಾಗಿಮುದ್ದೆ. ಸರ್ಕಾರ ಮಾತ್ರ ಬೇರೆ ಬೇರೆ. ಹಾಗಾಗಿ ಭಾವ-ಬಾಮೈದ ಸೇರಿದಾಗಲೆಲ್ಲ ಯಾರ ಸರ್ಕಾರ ಗಟ್ಟಿ ಎಂಬ ವ್ಯಾಜ್ಯ ಎದ್ದೇ ಏಳುತ್ತಿತ್ತು. ಚೆಲುವಯ್ಯ ತಮ್ಮ ಕಡೆಯ ಎರಡು ರೂಪಾಯಿ ಅಕ್ಕಿ, ಪುಕ್ಕಟೆ ಟೀವಿ ಎಂದು ಮೀಸೆ ತಿರುವುತ್ತಿದ್ದ. ಅದೆಲ್ಲ ಸರ್ಕಾರವೇ ಬ್ರಾಂದಿ ಅಂಗಡಿ ಇಟ್ಟು ದುಡಿದ ಕಾಸು, ನಮ್ಮವರು ಸಾರಾಯಿಯನ್ನೇ ನಿಲ್ಲಿಸಿದರು ಎಂದು ಬೋರಲಿಂಗಯ್ಯ ಎದೆಯುಬ್ಬಿಸುತ್ತಿದ್ದ. ಸಾರಾಯಿ ಹೋಗಿ ಖಜಾನೆಗೆ ಬಿದ್ದ ತೂತನ್ನು ಯಾವುದರಿಂದ ಮುಚ್ಚುತ್ತೀರಿ ಎಂದು ಭಾವ ಕೇಳಿದರೆ, ವ್ಯಾಟ್ ತೆರಿಗೆ ಇದೆಯಲ್ಲ ಎನ್ನುತ್ತಿದ್ದ. ವ್ಯಾಟ್ ಅಂದರೇನೆಂದು ಇಬ್ಬರಿಗೂ ನೆಟ್ಟಗೆ ತಿಳಿಯದ್ದರಿಂದ ಜಗಳ ಅಲ್ಲಿಗೆ ನಿಲ್ಲಿಸಿ ಎಲೆ ಅಡಿಕೆ ಹಾಕುತ್ತಿದ್ದರು.

ಹಾರೋಹಳ್ಳಿ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಲಾರಿಗೆ ಬೇಕಾದ ಬಿಡಿಭಾಗ ಮಾಡುವ ಕಂಪನಿಯೊಂದರ ಮ್ಯಾನೇಜರ್ ಅಶ್ವಥ್, ಬಿಳಿ ಕಾರಿನಲ್ಲಿ ಸೀಗೆಪಾಳ್ಯಕ್ಕೆ ಬಂದ. ಜಾಗ ಚೆನ್ನಾಗಿದೆ, ಆದರೆ ಹೊಸೂರಿನ ಕಡೆ ಒಂದು ಪಂಚಾಯ್ತಿಯವರು ಐದು ವರ್ಷ ಕಟ್ಟಡ ತೆರಿಗೆಯೇ ಬೇಡ ಅಂದಿದ್ದಾರೆ, ಏನು ಮಾಡುವುದೋ ತೋಚುತ್ತಿಲ್ಲ ಎಂದು ಬಹಳ ನೊಂದವನಂತೆ ಹೇಳಿದ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ತನ್ನ ಹೆಸರು ಕೆತ್ತಿದಂತೆ ಬೋರಲಿಂಗಯ್ಯನಿಗೆ ಆಗಲೇ ಕಂಡುಬಿಟ್ಟಿತ್ತು. ಏಳು ವರ್ಷ ಬೇಡ ಅಂದುಬಿಟ್ಟ. ಮ್ಯಾನೇಜರ್ ಯೋಚನೆ ಮಾಡಿ ಹೇಳುತ್ತೇನೆ ಎಂದು ಎಳನೀರು ಕುಡಿದು ಹೋದ.

ಆ ತಿಂಗಳಲ್ಲೇ ಸಿದ್ದಮ್ಮನ ಮಗಳು ನವ್ಯಶ್ರೀಯ ನಿಶ್ಚಿತಾರ್ಥ ಬಂತು. ಬಾಡೂಟ ಮುಗಿಸಿ ಭಾವ-ಬಾಮೈದ ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತರು. ತನ್ನೂರಿಗೂ ಒಂದು ಕಾರ್ಖಾನೆ ಬರುವುದರಲ್ಲಿತ್ತು, ಕನಕಪುರದ ಕಡೆಯ ಯಾವನೋ ತಲೆಹರಟೆ ಏಳು ವರ್ಷ ತೆರಿಗೆ ಬಿಟ್ಟು ಕೆಡಿಸಿದ ಎಂದು ಚೆಲುವಯ್ಯ ಬೈದುಕೊಂಡ. ಅವನು ಹೇಳಿದ ಬಿಳಿ ಕಾರು, ಎಳನೀರು, ನೊಂದ ಮುಖ ಎಲ್ಲ ತಾಳೆಯಾಯಿತು. ಬೋರಲಿಂಗಯ್ಯನ ಬಾಯಿಯ ಎಲೆ ಅಡಿಕೆ ಅಲ್ಲೇ ನಿಂತಿತು.

"ಆ ತಲೆಹರಟೆ ನಾನೇ ಕಣ್ ಭಾವ," ಅಂದ.

ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಸಿದ್ದಮ್ಮ ಬಾಗಿಲಿಗೆ ಬಂದಳು. "ಆ ಕಂಪ್ನಿ ಅನ್ನೋ ಗಂಡು ಒಬ್ನೇ, ಹೆಣ್ಣಿನ ಕಡೆಯೋರು ನೀವಿಬ್ರು. ವರದಕ್ಷಿಣೆ ಏರಿಸ್ಕೊಂಡ್ ಕುಂತಿದೀರಲ್ಲ, ನಿಮಗೆ ಬುದ್ಧಿ ಐತಾ?"

ಇಬ್ಬರಿಗೂ ನಾಚಿಕೆಯಾಯಿತು. ಯಾರೂ ಒಂದು ದಿನದ ತೆರಿಗೆಯನ್ನೂ ಬಿಡಬಾರದು, ಕಂಪನಿ ಎಲ್ಲಿಗಾದರೂ ಬರಲಿ, ನ್ಯಾಯವಾಗಿ ಕಟ್ಟಲಿ ಎಂದು ಅವಳೆದುರಿಗೇ ವೀಳ್ಯದೆಲೆ ಬದಲಾಯಿಸಿ ಮಾತು ಕೊಟ್ಟುಕೊಂಡರು. ಚೆನ್ನೈ, ಬೆಂಗಳೂರಿನಲ್ಲಿ ಕೂತವರಿಗೆ ಬಾರದ ಬುದ್ಧಿ ನಮಗೆ ಬಂತಲ್ಲ ಎಂದು ಚೆಲುವಯ್ಯ ಬಾಮೈದನ ಹೆಗಲು ತಟ್ಟಿದ.

ಬಸ್ಸು ಆನೇಕಲ್ ದಾಟುವವರೆಗೆ ಬೋರಲಿಂಗಯ್ಯನಿಗೆ ಮನಸ್ಸು ಹಗುರವಾಗಿತ್ತು. ಆಮೇಲೆ ಭಾವ ಹೆಗಲು ತಟ್ಟಿದ ರೀತಿ ನೆನಪಾಯಿತು. ಅಷ್ಟು ಜೋರಾಗಿ ಯಾಕೆ ತಟ್ಟಬೇಕಿತ್ತು? ಜಮೀನು ಪಾಲಿನ ವಿಷಯದಲ್ಲಿ ಸ್ವಂತ ಅಣ್ಣನಿಗೇ ಕೈಕೊಟ್ಟ ಮನುಷ್ಯ ಅವನು. ಹಾರೋಹಳ್ಳಿಯಲ್ಲಿ ಇಳಿದವನೇ ಮ್ಯಾನೇಜರಿಗೆ ಫೋನು ಹಚ್ಚಿ, ಹತ್ತು ವರ್ಷ ತೆರಿಗೆ ಇಲ್ಲ, ನೀರೂ ಪುಕ್ಕಟೆ ಎಂದ. ಮ್ಯಾನೇಜರ್ ನಕ್ಕು, ಈಗತಾನೇ ಚೆಲುವಯ್ಯನವರೂ ಹತ್ತು ವರ್ಷ ಅಂದರು, ಆದರೆ ನೀರಿನ ಮಾತೆತ್ತಲಿಲ್ಲ ಎಂದ. ಅದು ನಿಜವೋ ಸುಳ್ಳೋ ಬೋರಲಿಂಗಯ್ಯ ಭಾವನನ್ನು ಎಂದೂ ಕೇಳಲಿಲ್ಲ. ಕೇಳಿದರೆ ತನ್ನದನ್ನೂ ಹೇಳಬೇಕಿತ್ತು.

ಕಂಪನಿ ಸೀಗೆಪಾಳ್ಯಕ್ಕೇ ಬಂತು. ಕಲ್ಲಿನ ಮೇಲೆ ಮಂತ್ರಿಗಳು, ಶಾಸಕರು, ಅಧಿಕಾರಿಗಳು ಎಲ್ಲರ ಹೆಸರಾದ ಮೇಲೆ ಜಾಗ ಉಳಿಯದೆ, ಬೋರಲಿಂಗಯ್ಯನ ಪಾಲಿಗೆ 'ಮತ್ತು ಗ್ರಾಮಸ್ಥರು' ಎಂಬುದು ದಕ್ಕಿತು. ಊರಿನ ಕೆಲವು ಹುಡುಗರಿಗೆ ಗೇಟಿನ ಕಾವಲು ಕೆಲಸ ಸಿಕ್ಕಿತು. ಎರಡನೆಯ ಮಳೆಗಾಲಕ್ಕೆ ಕಂಪನಿಯ ಲಾರಿಗಳು ಓಡಾಡಿ ಓಡಾಡಿ ಊರ ರಸ್ತೆ ನಾಟಿಗೆ ಹದ ಮಾಡಿದ ಗದ್ದೆಯಂತಾಯಿತು. ಪಂಚಾಯ್ತಿಯಲ್ಲಿ ಬೀದಿದೀಪದ ಬಿಲ್ಲು ಕಟ್ಟುವುದಕ್ಕೇ ದುಡ್ಡಿರಲಿಲ್ಲ. ಆಗ ಮ್ಯಾನೇಜರ್ ಮತ್ತದೇ ನೊಂದ ಮುಖದಲ್ಲಿ ಬಂದು, ಇಂಥ ರಸ್ತೆ ಇಟ್ಟುಕೊಂಡರೆ ಉದ್ಯಮ ಹೇಗೆ ಬೆಳೆಯಬೇಕು ಅಧ್ಯಕ್ಷರೇ, ಹಿಂದೂಪುರದವರು ಕರೆಯುತ್ತಿದ್ದಾರೆ ಎಂದ.

ಗ್ರಾಮಸಭೆಯಲ್ಲಿ ಬೋರಲಿಂಗಯ್ಯ ಎದ್ದುನಿಂತು, ಮನೆಗಂದಾಯ ಒಂದೂವರೆಪಟ್ಟು ಆಗುತ್ತದೆ ಎಂದು ತಿಳಿಸಿದ. ಜನ ಗೊಣಗಿದರು. ನಮ್ಮ ಹೆಂಚಿನ ಮನೆಗೆ ಕಂದಾಯ, ಅಷ್ಟು ದೊಡ್ಡ ಕಾರ್ಖಾನೆಗೆ ಯಾಕಿಲ್ಲ ಎಂದು ಹಿಂದಿನಿಂದ ಒಬ್ಬ ಕೇಳಿದ.

"ಹೊಸೂರ್ ಕಡೆ ಇದಕ್ಕಿಂತ ಜಾಸ್ತಿ ಏರಿಸವ್ರೆ ಕಣ್ರಪ್ಪಾ," ಅಂದ ಬೋರಲಿಂಗಯ್ಯ. ಅವನು ಅಲ್ಲಿ ಯಾರನ್ನೂ ವಿಚಾರಿಸಿರಲಿಲ್ಲ. ನಾವೇ ವಾಸಿ ಹಾಗಾದರೆ ಎಂದು ಜನ ತಣ್ಣಗಾದರು.

ಯಾರೂ ಬೆರಳು ತೋರಿಸದಿರಲಿ ಎಂದು ತನ್ನ ಮನೆಯ ಕಂದಾಯವನ್ನು ಅವನೇ ಮೊದಲು ಕಟ್ಟಿದ. ವಸೂಲಾದ ದುಡ್ಡಿಗೆ ಜಲ್ಲಿ, ಮಣ್ಣು ಬಂತು. ರಸ್ತೆಗೆ ಅದನ್ನು ಹರಡುವಾಗ ಪಂಚೆ ಮೇಲೆತ್ತಿ ಕಟ್ಟಿ ಅವನೇ ಮುಂದೆ ನಿಂತು ಮಾಡಿಸಿದ. ಕಂಪನಿಯ ಲಾರಿಗಳು ಹಾರನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋದವು. ಆ ಜಲ್ಲಿ ದೀಪಾವಳಿಯವರೆಗೂ ನಿಂತಿತು.