ಕೆಮ್ಮುವ ಕಾರಂಜಿ

ನಗರಸಭೆಯ ಮುಂದಿನ ಕಾರಂಜಿ ವರ್ಷಗಟ್ಟಲೆ ಒಣಗಿ ನಿಂತಿತ್ತು. ಅದರ ತೊಟ್ಟಿಯಲ್ಲಿ ನೀರಿನ ಬದಲು ಹಳೆಯ ಬಸ್ ಟಿಕೆಟುಗಳು ತುಂಬಿರುತ್ತಿದ್ದವು. ಆ ಬೆಳಿಗ್ಗೆ ಟೀಚರ್ ಮೆಟ್ಟಿಲ ಹತ್ತಿರ ಬರುವ ಹೊತ್ತಿಗೆ ಅದು ಖೊಕ್ ಖೊಕ್ ಎಂದು ಕೆಮ್ಮಿ, ಒಂದು ಗಳಿಗೆ ಸುಮ್ಮನಾಗಿ, ಮತ್ತೆ ಕೆಮ್ಮಿ, ಆಮೇಲೆ ತಲೆಯೆತ್ತರಕ್ಕೆ ನೀರು ಚಿಮ್ಮಿಸಿತು.

"ಹೇಗಿದೆ ಟೀಚರ್?" ಅಧ್ಯಕ್ಷರು ಮೆಟ್ಟಿಲ ಮೇಲಿಂದಲೇ ಕೇಳಿದರು, ತಾವೇ ಹೊತ್ತು ಹೆತ್ತವರ ಹಾಗೆ.

"ಶೀತ ಆಗಿರೋ ಅಳಿಯನ ಹಾಗಿದೆ ಸರ್. ಕೆಮ್ಮಿ ಕೆಮ್ಮಿ ಗತ್ತು ತೋರಿಸ್ತಿದೆ."

ಅಧ್ಯಕ್ಷರು ಹೊಟ್ಟೆ ಕುಣಿಸಿ ನಕ್ಕರು. ಟೀಚರೂ ನಕ್ಕಳು. ಆ ಕೆಮ್ಮನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ.

"ಎಲ್ಲಿದ್ದೀಯೇ?"

"ಸಭೆಗೆ ಬಂದೆ. ಇನ್ನೂ ಹೊತ್ತಿದೆ."

"ಹೊತ್ತಿದ್ರೆ ಇಲ್ಲಿಗೊಂದು ಸಲ ಬಂದು ಹೋಗು. ನಮ್ಮನೆ ಮುಂದೆ ಪೈಪಿನ ಹಳ್ಳ ಮುಚ್ತಿದಾರೆ. ನಲ್ಲಿ ಎಲ್ಲಿ ಬರುತ್ತಪ್ಪಾ ಅಂದ್ರೆ ಒಬ್ಬರ ಮುಖ ಒಬ್ಬರು ನೋಡ್ಕೋತಾರೆ."

ಟೀಚರ್ ಎಂಬುದು ಅವಳ ಹೆಸರಲ್ಲ. ನಗರಸಭೆಯ ಚುನಾವಣೆ ಗೆಲ್ಲುವ ಮುಂಚೆ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು, ಹೆಸರು ಅಂಟಿಕೊಂಡಿತು. ಅಕ್ಕನನ್ನು ಕೊಟ್ಟಿದ್ದು ಊರಾಚೆಯ ದಿಬ್ಬಕ್ಕೆ. ದಿಬ್ಬ ನಗರಕ್ಕೆ ಸೇರಿರಲಿಲ್ಲ. ಅದಕ್ಕೆ ಅದರದೇ ಬಾವಿ, ಅದರದೇ ಪಂಪ್ ಮನೆ. ಪಂಪ್ ಮನೆಯ ಕೀ ಅಕ್ಕನ ಸೊಂಟದಲ್ಲಿ. ಬೆಳಿಗ್ಗೆ ಮೋಟರ್ ಹಾಕುವುದು, ಯಾರ ಬೀದಿಗೆ ನೀರು ಹೋಯಿತು, ಯಾರದು ಬಾಕಿ ಎಂದು ನೋಡುವುದು, ಜಗಳ ಬಂದರೆ ಇಬ್ಬರನ್ನೂ ಬೈದು ಕಳಿಸುವುದು, ಎಲ್ಲ ಅವಳದೇ ಕೆಲಸ. ಬೇಸಿಗೆಯಲ್ಲಿ ಮಾತ್ರ ಬಾವಿ ತಳ ಕಾಣುತ್ತಿತ್ತು.

ನಗರಕ್ಕೆ ಹೊಸ ನೀರಿನ ಯೋಜನೆ ಬೇಕಿತ್ತು. ಮೇಲಿನ ಸರ್ಕಾರ ಹಣ ಕೊಡುವುದು ಇಷ್ಟು ಜನಸಂಖ್ಯೆ ದಾಟಿದ ಊರಿಗೆ ಮಾತ್ರ, ಇವರಿಗೆ ತಲೆ ಕಡಿಮೆ ಬಿದ್ದಿತ್ತು. ತಲೆಗಳು ಎಲ್ಲಿವೆ ಎಂದು ಅಧ್ಯಕ್ಷರು ಕಿಟಕಿಯಿಂದ ನೋಡಿದಾಗ ಕಂಡದ್ದು ದಿಬ್ಬ. "ಹೋಗಿ ಬನ್ನಿ ಟೀಚರ್. ನಿಮ್ಮಕ್ಕನ ಊರು. ಹೆಣ್ಣು ಕೇಳೋರ ಹಾಗೆ ನಯವಾಗಿ ಕೇಳಿ."

ಅವಳು ಹೋದಳು. ಮನೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದಳು: ನಗರಕ್ಕೆ ಸೇರಿ, ಬೇಸಿಗೆಯಲ್ಲೂ ಮನೆಗೊಂದು ನಲ್ಲಿ. ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದಳು. ದಿಬ್ಬ ಒಪ್ಪಿ ಕೈ ಎತ್ತಿತು. ಸೇರಿದ ಊರಿನ ಬಾವಿ, ಪಂಪು, ಕಟ್ಟಡ ಎಲ್ಲ ನಗರಸಭೆಯ ಸ್ವತ್ತಾಗುವುದು ಕಾನೂನು. ಅಕ್ಕ ಎಲ್ಲರ ಎದುರಿಗೆ ಸೊಂಟದಿಂದ ಕೀ ಬಿಚ್ಚಿ ತಂಗಿಯ ಅಂಗೈಗೆ ಹಾಕಿದಳು.

"ಜೋಪಾನ ಕಣೇ. ಬೀಗ ಹಠಮಾರಿ, ಎಡಕ್ಕೆ ಒತ್ತಿ ತಿರುಗಿಸಬೇಕು. ಇದರ ಜೊತೆದು ಸಾಸಿವೆ ಡಬ್ಬದಲ್ಲಿದೆ, ಕಳೆದುಕೊಂಡ್ರೆ ಕೇಳು."

ಟೀಚರ್ ಅದನ್ನು ನಗರಸಭೆಯ ಎಂಜಿನಿಯರಿಗೆ ಕೊಟ್ಟಳು. ಅವರು ನೋಡದೆಯೇ ಜೇಬಿಗಿಳಿಸಿದರು. ಮಾರನೆಯ ದಿನ ನಗರಸಭೆಯ ಲಾರಿ ಬಂದು ಮೋಟರನ್ನೂ ಬೀಗವನ್ನೂ ಎತ್ತಿಕೊಂಡು ಹೋಯಿತು. ಪರೀಕ್ಷೆಯಾಗದ ಬಾವಿಯ ನೀರನ್ನು ನಗರದವರಿಗೆ ಕೊಡುವಂತಿಲ್ಲ, ನೀವೀಗ ನಗರದವರು ಎಂದರು. ಅಲ್ಲಿಂದೀಚೆ ಟ್ಯಾಂಕರ್. ಅದು ಬಂದ ದಿನ ಬಂತು, ಇಲ್ಲದ ದಿನ ಇಲ್ಲ.

ಆದರೂ ಪೈಪು ಬರುತ್ತಿದೆಯಲ್ಲ, ಇನ್ನು ಸ್ವಲ್ಪ ದಿನ ಎಂದುಕೊಂಡೇ ಟೀಚರ್ ಆ ಬೆಳಿಗ್ಗೆ ಆಟೋ ಹತ್ತಿ ದಿಬ್ಬಕ್ಕೆ ಹೋದಳು.

ಅಕ್ಕನ ಮನೆಯ ಹೊಸ್ತಿಲಿಗೆ ಮೊಳ ದೂರದಲ್ಲಿ ಹಳ್ಳ. ಅದರೊಳಗೆ ಆಳು ತೂರಬಹುದಾದಷ್ಟು ದಪ್ಪದ ಕಬ್ಬಿಣದ ಪೈಪು, ಕರಿ ಬಣ್ಣ ಇನ್ನೂ ಹಸಿ. ಆಚೆ ಕಡೆಯಿಂದ ಮಣ್ಣು ತಳ್ಳುತ್ತಿದ್ದರು.

"ಏನಣ್ಣಾ, ಮನೆಗಳಿಗೆ ಕವಲು ಎಲ್ಲಿ ಬಿಟ್ಟಿದ್ದೀರಿ?" ಟೀಚರ್ ಪೈಪ್ ಜೋಡಿಸುವ ಫಿಟ್ಟರನ್ನು ಕೇಳಿದಳು.

"ಯಾವ ಮನೆಗಳಿಗಮ್ಮಾ?"

"ಈ ಮನೆಗಳಿಗೆ."

ಅವನು ಮನೆಗಳನ್ನು ಈಗ ತಾನೇ ಕಂಡವನ ಹಾಗೆ ನೋಡಿದ. "ಇದು ಮೇನ್ ಲೈನು. ಕೆರೆಯಿಂದ ಊರಿನ ಟ್ಯಾಂಕಿಗೆ ನೇರ. ಮಧ್ಯೆ ಯಾರೂ ಬಾಯಿ ಹಾಕೋ ಹಾಗಿಲ್ಲ. ತೂತು ಹಾಕಿದ್ರೆ ಒತ್ತಡ ಬಿದ್ದುಹೋಗುತ್ತೆ."

"ದಿಬ್ಬಕ್ಕೆ ಬೇರೆ ಲೈನು ಇರಬೇಕು."

"ನಮಗೆ ಕೊಟ್ಟಿರೋ ಕೆಲಸ ಇಷ್ಟೇ. ಬೇರೆ ಲೈನು ಯಾರೂ ಹೇಳಿಲ್ಲ."

ಟೀಚರ್ ಹಳ್ಳದುದ್ದಕ್ಕೂ ಕವಲಿಗಾಗಿ ಕಣ್ಣಾಡಿಸಿದಳು. ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಅವಳು ಅಳಲಿಲ್ಲ, ಕೂಗಲಿಲ್ಲ. ಅದೇ ಹೆಚ್ಚು ಹೆದರಿಸಿತು.

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತಾರೆ ಅಂತ ಕೇಳಿದ್ದೆ," ಅಂದಳು ಅಕ್ಕ. "ನೀನು ಒಡಹುಟ್ಟಿದವಳನ್ನೇ ತಳ್ಳಿ ನೋಡಿದ್ಯಲ್ಲೇ."

"ಅಕ್ಕಾ, ನಂಗೆ ಗೊತ್ತಿರಲಿಲ್ಲ."

"ಅಲ್ಲಿ ಕೂತಿರೋಳು ನೀನು. ನಿಂಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ? ನನಗಾ?"

ಟೀಚರ್ ಆಟೋದಲ್ಲಿ ಕೂತಾಗ ಅಕ್ಕ ಒಳಗೆ ಹೋಗಿ, ಯಾವುದೋ ಡಬ್ಬ ತೆರೆದು ಮುಚ್ಚಿ, ಪರ್ಸ್ ಹಿಡಿದು, ಚಪ್ಪಲಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತಳು. "ನಾನೂ ಬರ್ತೀನಿ. ಈಗ ನಾನೂ ನಗರದವಳೇ ತಾನೆ. ನನ್ನ ಸಭೆ ಹೇಗಿರುತ್ತೆ ನೋಡ್ತೀನಿ."

ಸಭೆ ಶುರುವಾಗಿತ್ತು. ಅಕ್ಕನನ್ನು ಜವಾನ ಬಾಗಿಲಲ್ಲೇ ತಡೆದು, ಹೊರಗಿನವರಿಗೆ ಇವತ್ತು ಜಾಗವಿಲ್ಲ, ಕೆಳಗೆ ಕಾರಂಜಿ ಹತ್ತಿರ ಕೂತಿರಿ ಎಂದ. ಹಿಂದಿನ ಸಭೆಯ ನಿರ್ಣಯಗಳನ್ನು ಈ ಸಭೆ ಒಪ್ಪಿದರೆ ಮಾತ್ರ ಅವು ಗಟ್ಟಿ. ಕೆಲಸ ಮಾತ್ರ ಆಗಲೇ ಶುರುವಾಗಿರುತ್ತಿತ್ತು, ಅದು ಅಲ್ಲಿನ ರೂಢಿ. ಗುಮಾಸ್ತರು ಎದ್ದು ಗಂಟಲು ಸರಿಮಾಡಿಕೊಂಡರು. ಸದಸ್ಯರಲ್ಲೊಬ್ಬರಾದ ಬೇಕರಿ ಯಜಮಾನರು, ಎಂದಿನಂತೆ, "ಓದಿದ್ದಾಗಿದೆ ಅಂತ ಭಾವಿಸೋಣ" ಅಂದರು. ಅದೂ ರೂಢಿ. ಬಿಸ್ಕತ್ತಿನ ತಟ್ಟೆ ಬಂದಿತ್ತು.

"ಭಾವಿಸೋದು ಬೇಡ," ಟೀಚರ್ ಎದ್ದು ನಿಂತಳು. "ದಿಬ್ಬದ ಪೈಪಿನ ವಿಷಯ ಓದಿ."

ಎಲ್ಲರೂ ತಿರುಗಿ ನೋಡಿದರು. ಆ ಸಭಾಂಗಣದಲ್ಲಿ ನಿರ್ಣಯವನ್ನು ಗಟ್ಟಿಯಾಗಿ ಓದಿದ್ದನ್ನು ಯಾರೂ ಕೇಳಿರಲಿಲ್ಲ. ಗುಮಾಸ್ತರು ಅಧ್ಯಕ್ಷರ ಮುಖ ನೋಡಿ, ಅಲ್ಲಿ ಏನೂ ಸಿಗದೆ, ಓದಿದರು. ಮುಖ್ಯ ಕೊಳವೆ ದಿಬ್ಬದ ಬೀದಿಯ ಮೂಲಕ ಹೋಗತಕ್ಕದ್ದು. ದಿಬ್ಬದ ಮನೆಗಳಿಗೆ ಸಂಪರ್ಕ ಕೊಡತಕ್ಕದ್ದಲ್ಲ. ಬಾವಿಯನ್ನು ಬಳಕೆಯಿಂದ ತೆಗೆಯತಕ್ಕದ್ದು.

"ಇದನ್ನ ಯಾರು ಸೂಚಿಸಿದ್ದು?" ಟೀಚರ್ ಕೇಳಿದಳು. "ಹೇಳಿ. ಆ ಮಹಾನುಭಾವ ಯಾರು?"

ಗುಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು.

ಅಲ್ಲಿ ಸೂಚಿಸಿದವರ ಹೆಸರನ್ನು ಗುಮಾಸ್ತರು ಕುರ್ಚಿಯ ಸಾಲಿನ ಪ್ರಕಾರ ತುಂಬುತ್ತಿದ್ದರು. ಒಂದು ವಿಷಯಕ್ಕೆ ಬಾಗಿಲ ಪಕ್ಕದವರು, ಮುಂದಿನದಕ್ಕೆ ಅವರ ಪಕ್ಕದವರು. ಯಾರಿಗೂ ಬೇಸರವಿಲ್ಲ, ಎಲ್ಲರ ಹೆಸರೂ ಬರುತ್ತದೆ. ಟೀಚರೇ ಒಮ್ಮೆ ಅದಕ್ಕೆ ಬಸ್ ಸೀಟಿನ ನಿಯಮ ಎಂದು ನಗಾಡಿದ್ದಳು.

"ಹೇಳಿ," ಅಂದಳು ಮತ್ತೆ.

"ಆ ಸಲ ಸರದಿ ನಿಮ್ಮದೇ ಬಿದ್ದಿತ್ತು ಮೇಡಂ. ಸೂಚಿಸಿದವರು ನೀವೇ."

ಯಾರೋ ಕಿಸಕ್ಕೆಂದು ನಕ್ಕು ತಕ್ಷಣ ಕೆಮ್ಮಿದಂತೆ ಮಾಡಿದರು. ಟೀಚರ್ ಮೇಜಿನ ಅಂಚು ಹಿಡಿದಳು. ಅದು ತಣ್ಣಗಿತ್ತು. ತಟ್ಟೆಯ ಬಿಸ್ಕತ್ತಿನ ಮೇಲೆ ಒಂದು ನೊಣ ಕೂತಿತ್ತು. ಅದು ಎದ್ದು ಹಾರಿ ಮತ್ತೆ ಅಲ್ಲೇ ಕೂರುವವರೆಗೂ ಅವಳು ಅದನ್ನೇ ನೋಡಿದಳು.

"ಕೂತ್ಕೊಳ್ಳಿ ಟೀಚರ್, ನೀರು ಕುಡೀರಿ," ಅಧ್ಯಕ್ಷರು ಮೆತ್ತಗೆ ಅಂದರು.

"ದಿಬ್ಬದವರು ಏನು ಕುಡೀಬೇಕು ಸರ್?"

"ನೋಡಿ, ಎಂಜಿನಿಯರ್ ಸಾಹೇಬ್ರು ಹೇಳ್ತಾರೆ."

ಎಂಜಿನಿಯರ್ ಹೇಳಿದರು. ಈಗ ಬಂದ ಹಣ ಊರಿಗೆ ಮಾತ್ರ ಸಾಕು. ದಿಬ್ಬ ಎತ್ತರದಲ್ಲಿದೆ, ಅಲ್ಲಿಗೆ ಬೇರೆ ಪಂಪು, ಬೇರೆ ಟ್ಯಾಂಕು ಬೇಕು. ಅದು ಮುಂದಿನ ಹಂತ. "ಮುಂದಿನ ಹಂತ ಯಾವಾಗ?" ಎಂದರೆ ಅವರು ಮೇಲಿನ ಫ್ಯಾನ್ ನೋಡಿದರು.

"ತಲೆ ಬೇಕಿತ್ತು, ತಗೊಂಡ್ರಿ. ಬಾಯಿ ಅದೇ ತಲೇಲಿದೆ ಅನ್ನೋದು ಮರೆತುಬಿಟ್ರಿ," ಅಂದಳು ಟೀಚರ್. "ಸರಿ. ಸೂಚಿಸಿದವಳು ನಾನೇ ಆದ್ರೆ ನಾನೇ ವಾಪಸ್ ತಗೋತೀನಿ. ಬರ್ಕೊಳ್ಳಿ."

ಬಿಸ್ಕತ್ತಿಗೆ ಚಾಚಿದ್ದ ಕೈಗಳು ಹಿಂದೆ ಸರಿದವು. ನಗು ಎಲ್ಲೋ ಹೋಗಿತ್ತು.

"ಏನ್ ಮಾತಾಡ್ತಿದೀರಿ ಗೊತ್ತಾ?" ಅಧ್ಯಕ್ಷರ ಮುಖದ ಬಣ್ಣ ಇಳಿದಿತ್ತು. "ಈ ನಿರ್ಣಯ ಬಿದ್ರೆ ಯೋಜನೆ ನಿಲ್ಲುತ್ತೆ. ಹಣ ವಾಪಸ್ ಹೋಗುತ್ತೆ. ನಿಮ್ಮ ಬೀದಿಗೂ ನೀರಿಲ್ಲ. ನಿಮಗೆ ಓಟು ಹಾಕಿದೋರು ನಿಮ್ಮಕ್ಕನಲ್ಲ ಟೀಚರ್."

ಅದು ನಿಜ. ಅವಳ ಬೀದಿಯ ಮಕ್ಕಳ ಮುಖಗಳು ಕಣ್ಣ ಮುಂದೆ ಬಂದು ಹೋದವು. ಆದರೆ ಅಂಗೈಯಲ್ಲಿ ಇನ್ನೂ ಆ ಕೀಯ ತೂಕವಿತ್ತು.

ಅಧ್ಯಕ್ಷರು ಹಳೆಯ ಹುಲಿ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಗೊತ್ತು. "ಹೋಗ್ಲಿ ಬಿಡಿ, ನಾವೇನು ಕಟುಕರಾ? ಮುಂದಿನ ಹಂತದ ತನಕ ದಿಬ್ಬದ ಬಾವಿ ದಿಬ್ಬಕ್ಕೇ ಇರ್ಲಿ. ಆ ಮೋಟರ್ ಇವತ್ತೇ ವಾಪಸ್ ಕೊಟ್ಬಿಡಿ. ಆಯ್ತಲ್ಲ ಟೀಚರ್? ಎಲ್ಲಿದೆ ಸಾಹೇಬ್ರೇ ಆ ಮೋಟರು, ಗೋಡೌನಲ್ಲಾ?"

ಎಂಜಿನಿಯರ್ ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದರು.

"ಎಲ್ಲಿದೆ ಅಂದೆ."

"ಸರ್, ಹಣ ಮಂಜೂರು ಮಾಡೋರು ಜಾಗ ನೋಡೋಕೆ ಬರ್ತಾರೆ, ಮುಂಭಾಗ ಚೆನ್ನಾಗಿರ್ಬೇಕು ಅಂತ ನೀವೇ ಹೇಳಿದ್ರಿ..." ಅವರು ಮಾತು ಅರ್ಧಕ್ಕೆ ಬಿಟ್ಟು ಕಿಟಕಿಯ ಕಡೆ ನೋಡಿದರು.

ಎಲ್ಲರೂ ಅತ್ತ ನೋಡಿದರು. ಕೆಳಗಿನ ಕಾರಂಜಿಯ ನೀರಿನ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು. ಫ್ಯಾನು ನಿಂತು ಮತ್ತೆ ತಿರುಗಿತು. ಕೆಳಗೆ ಖೊಕ್ ಖೊಕ್, ಒಂದು ಗಳಿಗೆ ಮೌನ, ಮತ್ತೆ ಖೊಕ್.

ಅಕ್ಕನ ಮನೆಯಲ್ಲಿ ಮಲಗಿದ ಎಷ್ಟೋ ಬೆಳಗುಗಳಲ್ಲಿ ಟೀಚರ್ ಎಚ್ಚರಗೊಂಡದ್ದು ಪಂಪ್ ಮನೆಯ ಮೋಟರಿನ ಆ ಕೆಮ್ಮಿಗೇ. ಬೆಳಿಗ್ಗೆ ಅದಕ್ಕೇ ಅಳಿಯನ ಜೋಕು ಹೇಳಿ ನಕ್ಕಿದ್ದಳು.

ಅವಳು ಕುರ್ಚಿ ತಳ್ಳಿ ಮೆಟ್ಟಿಲಿಳಿದಳು. ಇಳಿದದ್ದು ಅವಳಿಗೆ ನೆನಪಿಲ್ಲ.

ಅಕ್ಕ ಕಾರಂಜಿಯ ಹಿಂದಿನ ತಗಡಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಪೆಟ್ಟಿಗೆಗೆ ಪಂಪ್ ಮನೆಯ ಬೀಗವನ್ನೇ ಹಾಕಿದ್ದರು.

"ಬಂದ್ಯಾ?" ತಿರುಗಿ ನೋಡದೆ ಅಂದಳು. "ಆಟೋ ಇಳಿದಾಗಲೇ ಸದ್ದು ಕೇಳಿ ಗೊತ್ತಾಯ್ತು, ನಮ್ಮದೇ ಮೋಟರು ಅಂತ. ನಿನ್ನ ಮುಖ ನೋಡಿ ಸುಮ್ಮನಾದೆ. ಇದೂ ನಿಂಗೆ ಗೊತ್ತಿತ್ತಾ ಅಂತ ಕೇಳೋಕೆ ಹೆದರಿಕೆ ಆಯ್ತು."

"ಇಲ್ಲಕ್ಕಾ."

ಅಕ್ಕ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಪರ್ಸಿನಿಂದ ಆ ಜೊತೆಯ ಕೀ ತೆಗೆದಳು. ಅದರ ಹಲ್ಲಿಗೆ ಒಂದು ಸಾಸಿವೆ ಕಾಳು ಅಂಟಿತ್ತು. ಉಗುರಿನಿಂದ ಕಿತ್ತು ಎಸೆದು, ಎಡಕ್ಕೆ ಒತ್ತಿ ತಿರುಗಿಸಿದಳು. ಬೀಗ ಬಿಟ್ಟಿತು. ಸ್ವಿಚ್ ಕೆಳಗೆಳೆದಳು.

ನೀರು ಗಾಳಿಯಲ್ಲಿ ಒಂದು ಕ್ಷಣ ನಿಂತ ಹಾಗಾಗಿ ಧಪ್ಪೆಂದು ತೊಟ್ಟಿಗೆ ಬಿತ್ತು. ಇಬ್ಬರ ಸೀರೆಯೂ ನೆನೆಯಿತು.

ಮೇಲೆ ಕಿಟಕಿಯಲ್ಲಿ ತಲೆಗಳು ಕಾಣಿಸಿಕೊಂಡವು. ಗುಮಾಸ್ತರು ಸರಳಿನ ನಡುವೆ ಮುಖವಿಟ್ಟು ಕೂಗಿದರು. "ಮೇಡಂ, ಆ ವಾಪಸ್ ತಗೊಳ್ಳೋ ವಿಷಯ... ಬರ್ಕೊಳ್ಳಲಾ, ಬೇಡ್ವಾ?"

ಟೀಚರ್ ಮೇಲೆ ನೋಡಿದಳು. ಅಧ್ಯಕ್ಷರು ಅಲ್ಲೇ ಇದ್ದರು, ತಲೆ ಅಡ್ಡಡ್ಡ ಆಡಿಸುತ್ತಿದ್ದರು.

"ಬರ್ಕೊಳ್ಳಿ," ಅಂದಳು. "ಈ ಸಲ ನಾನೇ ಹೇಳ್ತಿರೋದು."

ಅಕ್ಕ ಮೋಟರಿನ ಬೆನ್ನ ಮೇಲೆ ಕೈಯಿಟ್ಟಳು, ಜ್ವರ ನೋಡುವವರ ಹಾಗೆ. ಅದಿನ್ನೂ ಬಿಸಿಯಿತ್ತು.

"ಇದನ್ನ ಎತ್ತೋಕೆ ನಮ್ಮಿಬ್ಬರ ಕೈಲಾಗಲ್ಲ ಕಣೇ," ಅಂದಳು. "ಗಂಡಾಳು ಬೇಕು. ಮೇಲಿಂದ ಯಾರನ್ನಾದ್ರೂ ಕರಿ."

ಟೀಚರ್ ಮತ್ತೆ ತಲೆಯೆತ್ತಿದಳು. ಕಿಟಕಿಯಲ್ಲಿ ಯಾರೂ ಇರಲಿಲ್ಲ.