ಗೊಣಗಪ್ಪನ ಟೊಪ್ಪಿ

ಹೆಣಿಗೆಕಟ್ಟೆ ಎಂಬ ಆನ್‌ಲೈನ್ ವೇದಿಕೆಗೆ ಸೇರಿದವರು ಹೆಣಿಗೆಗಿಂತ ತಾಳ್ಮೆಯನ್ನೇ ಹೆಚ್ಚು ಕಲಿಯುತ್ತಾರೆ. ಅಲ್ಲಿ ಹುಡುಕಿದ್ದು ಸಿಕ್ಕರೆ ಪುಣ್ಯ. ಉದ್ದನೆಯ ಉತ್ತರ ಬರೆಯುತ್ತ ಕೂತರೆ ಅರ್ಧದಲ್ಲೇ ಹೊರದಬ್ಬಿ, ಬರೆದದ್ದನ್ನೆಲ್ಲ ನುಂಗಿ ನೀರು ಕುಡಿಯುತ್ತದೆ. ಒಂದು ಬರಹ ಹಾಕಿದವರು ಇನ್ನೊಂದಕ್ಕೆ ಎರಡು ನಿಮಿಷ ಕಾಯಲೇಬೇಕು. ಇದನ್ನೆಲ್ಲ ದಿನಬೆಳಗಾದರೆ ಎತ್ತಿ ಆಡುವವರು ಗೊಣಗಪ್ಪ. ಆ ಹೆಸರು ಅವರೇ ಇಟ್ಟುಕೊಂಡದ್ದು. ನಿವೃತ್ತ ಬಸ್ ಡ್ರೈವರ್ ಎಂಬುದರಾಚೆ ಅವರ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ. ವೇದಿಕೆ ನೋಡಿಕೊಳ್ಳುವಾತನಿಗಂತೂ ಅವರೆಂದರೆ ತಲೆನೋವು.

ಹೊಸದಾಗಿ ಸೇರಿದ್ದ ಬಾಣಂತಿಗೆ ಆ ಗೊಣಗಾಟ ಓದಿ ನಗು ಬರುತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಅವಳಿಗಿದ್ದ ನಗು ಅದೊಂದೇ. ದಿನ ತುಂಬುವ ಮೊದಲೇ ಹುಟ್ಟಿದ ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು. ಅವಳಿನ್ನೂ ಅದನ್ನು ಎತ್ತಿಕೊಂಡಿರಲಿಲ್ಲ.

ಬೆಳಿಗ್ಗೆ ನರ್ಸ್ ಹೇಳಿದ್ದರು: "ವಾರ್ಡಿನ ಟೊಪ್ಪಿ ಇವನ ಕಣ್ಣಿಗೆ ಜಾರುತ್ತೆ. ತಲೆಗೆ ಸರಿಯಾಗಿ ಕೂರೋದೊಂದು ತನ್ನಿ. ಡಾಕ್ಟ್ರು ಒಪ್ಪಿದ್ದಾರೆ, ಸಂಜೆ ನಿಮ್ಮ ಎದೆ ಮೇಲೆ ಮಲಗಿಸ್ತೀನಿ."

ಅಷ್ಟು ಪುಟ್ಟ ತಲೆಗೆ ಅಂಗಡಿಯಲ್ಲಿ ಟೊಪ್ಪಿ ಸಿಗಲಿಲ್ಲ. ಅತ್ತೆ ಬಿಸಿನೀರಲ್ಲಿ ತೊಳೆದು ಒಣಗಿಸಿಟ್ಟಿದ್ದ ನೂಲು ತಂದುಕೊಟ್ಟರು. ಹೆಣಿಗೆಕಟ್ಟೆಯಲ್ಲಿದ್ದ ವಿಧಾನ ನೋಡಿ ಸೊಸೆ ಹೆಣೆದದ್ದೇ ಹೆಣೆದದ್ದು. ಮಧ್ಯಾಹ್ನ ನೋಡಿದರೆ ನೆತ್ತಿ ಮುಚ್ಚಿಕೊಂಡೇ ಇಲ್ಲ. ಟೊಪ್ಪಿ ಹೋಗಿ ತಳವಿಲ್ಲದ ಚೀಲವಾಗಿತ್ತು.

ಅವಳು ಫೋಟೋ ಹಾಕಿ, ಸಂಜೆಯ ವಿಷಯವನ್ನೂ ಬರೆದು ಕೇಳಿದಳು. ತಪ್ಪು ವೇದಿಕೆಯದು. ಹೆಣಿಗೆಯವರು ಒಂದು ಭಾಗದ ಎರಡೂ ಕಡೆ ನಕ್ಷತ್ರದ ಗುರುತು ಹಾಕಿದರೆ, ಅದನ್ನು ಸಾಲಿನ ಕೊನೆಯವರೆಗೂ ಮತ್ತೆ ಮತ್ತೆ ಹೆಣೆಯಬೇಕೆಂದು ಅರ್ಥ. ವೇದಿಕೆ ಆ ನಕ್ಷತ್ರಗಳನ್ನು ಅಳಿಸಿ, ನಡುವಿನ ಅಕ್ಷರಗಳನ್ನು ದಪ್ಪಗೆ ಮಾಡಿತ್ತು. ದಪ್ಪಕ್ಷರ ಕಂಡು, ಇಲ್ಲಿ ಹುಷಾರಾಗಿರಬೇಕೇನೋ ಎಂದು ಅವಳು ಉಸಿರು ಬಿಗಿಹಿಡಿದು ಒಂದೇ ಸಲ ಹೆಣೆದಿದ್ದಳು!

ಎಲ್ಲರೂ ವೇದಿಕೆ ನೋಡಿಕೊಳ್ಳುವಾತನ ಮೇಲೆ ಮುಗಿಬಿದ್ದರು. ಮುಂದಿನ ವಾರ ಸರಿಮಾಡುತ್ತೇನೆಂದು ಅವನು ಬರೆದ. ಅವಳಿಗೆ ಅಳುವೇ ಬಂತು. ಮುಂದಿನ ವಾರ ಯಾರಿಗೆ ಬೇಕು?

ಆಗ ಗೊಣಗಪ್ಪ ಬಂದರು. "ಜಗಳ ಆಮೇಲೆ ಆಡ್ಕೊಳ್ಳಿ. ತಾಯೀ, ಕಿವಿ ಮುಚ್ಚೋವರೆಗಿಂದು ಸರಿಯಾಗಿದೆ, ಅಲ್ಲೀವರೆಗೆ ಬಿಚ್ಚು. ಮೇಲಿಂದು ನಾನು ಒಂದೊಂದೇ ಸಾಲು ಬರೀತೀನಿ. ಗುರುತು ಗಿರುತು ಏನಿಲ್ಲ, ಬರೀ ಮಾತು."

ಬರೆಯತೊಡಗಿದರು. ಎರಡು ಹೆಣೆ, ಎರಡು ಸೇರಿಸಿ ಒಂದು ಮಾಡು, ಮತ್ತೆ ಎರಡು ಹೆಣೆ ಎಂದು ಒಂದು ಕುಣಿಕೆಯನ್ನೂ ಬಿಡದೆ ಸಾಲಿನ ಕೊನೆಯವರೆಗೂ. ಎರಡು ನಿಮಿಷದ ತಡೆ ತೆಗೆಯಲೇ ಎಂದು ನೋಡಿಕೊಳ್ಳುವಾತ ಕೇಳಿದ.

"ದಯವಿಟ್ಟು ತೆಗೀಬೇಡಿ," ಎಂದು ಬಾಣಂತಿ ಬರೆದಳು. "ಒಂದು ಸಾಲಿಗೆ ನಂಗೆ ಅಷ್ಟು ಹೊತ್ತು ಬೇಕು."

"ಇರ್ಲಿ ಬಿಡಪ್ಪ," ಎಂದರು ಗೊಣಗಪ್ಪ. "ನಿಂದೊಂದು ನಿಯಮವಾದ್ರೂ ಉಪಯೋಗಕ್ಕೆ ಬಂತಲ್ಲ."

ಸಾಲಿನ ಹಿಂದೆ ಸಾಲು ಬಂತು. ನಡುವೆ ಒಮ್ಮೆ, "ನಿಲ್ಲು, ಇಲ್ಲಿ ನಂಗೂ ಬಿಗಿಯಾಯ್ತು, ಸ್ವಲ್ಪ ಸಡಿಲ ಬಿಡು" ಎಂದು ಬರೆದರು. ಅವಳಿಗೆ ಆಗ ಹೊಳೆಯಿತು: ಆ ಮನುಷ್ಯ ಬಾಯಿಪಾಠ ಒಪ್ಪಿಸುತ್ತಿರಲಿಲ್ಲ. ಎಲ್ಲೋ ಕೂತು ಪ್ರತಿ ಸಾಲನ್ನೂ ತಾವು ಮೊದಲು ಹೆಣೆದು, ಸರಿಯೆನಿಸಿದ ಮೇಲೆ ಅವಳಿಗೆ ಕೊಡುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದುಕೊಂಡಳು.

ಇನ್ನೂ ದೊಡ್ಡ ಸೋಜಿಗವೆಂದರೆ ಉಳಿದವರು. ಬಾಯಿಗೆ ಬೀಗವೇ ಇಲ್ಲದ ಆ ಮಂದಿ, ಸಾಲುಗಳ ಮಧ್ಯೆ ತಮ್ಮ ಮಾತು ಬಂದು ಅವಳ ಲೆಕ್ಕ ತಪ್ಪೀತೆಂದು ತುಟಿ ಬಿಗಿಹಿಡಿದು ಕೂತಿದ್ದರು. ಒಬ್ಬರೂ ಒಂದಕ್ಷರ ಹಾಕಲಿಲ್ಲ.

"ಉಳಿದ ಕುಣಿಕೆಗಳಲ್ಲಿ ನೂಲು ತೂರಿಸಿ ಎಳಿ, ಬದಿ ಹೊಲಿ. ಗಂಟು ಹೊರಗಡೆ ಬರ್ಲಿ, ಕೂಸಿಗೆ ಒತ್ತಬಾರದು," ಎಂಬಲ್ಲಿಗೆ ಮುಗಿಯಿತು.

ಸಂಜೆ ನರ್ಸ್ ಆ ಟೊಪ್ಪಿಯನ್ನು ಮಗುವಿನ ತಲೆಗೆ ಇಳಿಸಿದರು. ಅದು ಜಾರಲಿಲ್ಲ. ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿದರು. ಅವಳ ಒಂದು ಅಂಗೈ ಮಗುವಿನ ಬೆನ್ನಿನ ಮೇಲೆ, ಇನ್ನೊಂದು ಟೊಪ್ಪಿಯ ಮೇಲೆ. ಪಕ್ಕದಲ್ಲಿದ್ದ ಫೋನು ಗುಂಯ್‌ಗುಟ್ಟಿತು.

"ಯಾರೋ ಗೊಣಗಪ್ಪ ಅಂತೆ," ಎಂದು ನರ್ಸ್ ಓದಿದರು. "ಸರಿಹೋಯ್ತಾ ಅಂತ ಕೇಳ್ತಿದ್ದಾರೆ. ಏನಂತ ಬರೀಲಮ್ಮ?"

ಅವಳು ಮಗುವಿನಿಂದ ಕಣ್ಣು ತೆಗೆಯಲಿಲ್ಲ.

"ಕೈ ಖಾಲಿ ಇಲ್ಲ ಅಂತ ಬರೀರಿ ಸಿಸ್ಟರ್."