ಎಡಕ್ಕೆ ತಿರುಗುವವರು

“ಬಲಕ್ಕೆ ಅಂದ್ನಲ್ಲ, ಬಲಕ್ಕೆ!” ಎಂದು ಮಗಳು ಮೇಲಿನ ಮೆಟ್ಟಿಲಿನಿಂದ ಕೂಗುವಷ್ಟರಲ್ಲಿ ನಾಲ್ವರೂ ಒಟ್ಟಿಗೆ ಎಡಕ್ಕೆ ತಿರುಗಿ ಅವಳಮ್ಮನ ಶವಪೆಟ್ಟಿಗೆಯನ್ನು ಗೋಡೆಗೆ ಗುದ್ದಿದರು. ಸುಣ್ಣ ಉದುರಿತು. ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು.

ಪಾಪ, ಅವರಾದರೂ ಏನು ಮಾಡಿಯಾರು! ಪೆಟ್ಟಿಗೆಯಲ್ಲಿದ್ದವರೇ ಅವರ ಟೀಚರ್, ನಾಲ್ವರೂ ಅವರ ಹತ್ತಿರ ಐಸ್ ಸ್ಕೇಟಿಂಗ್ ಕಲಿತವರು. ಚಿಕ್ಕಂದಿನಿಂದ ಹಾರಿದ್ದೂ ಎಡಕ್ಕೆ, ಗಿರಗಿರ ತಿರುಗಿದ್ದೂ ಎಡಕ್ಕೆ. ಈ ಕಟ್ಟಡ ಕಟ್ಟಿಸಿದ ಪುಣ್ಯಾತ್ಮ ಮಾತ್ರ ಮೆಟ್ಟಿಲನ್ನು ಬಲಕ್ಕೆ ತಿರುಗಿಸಿಟ್ಟಿದ್ದ.

“ಲಿಫ್ಟಲ್ಲಿ ನಿಲ್ಲಿಸ್ಕೊಂಡು ಹೋಗೋಣ ಮೇಡಂ. ಎಲ್ಲಾ ಕಡೆ ಹಾಗೇ ಮಾಡೋದು” ಎಂದ ವ್ಯಾನಿನ ಡ್ರೈವರ್.

“ನಮ್ಮಮ್ಮ ಏನು ಬೀರುನಾ?”

ಪೆಟ್ಟಿಗೆಯನ್ನು ಹೇಗೋ ಬಿಡಿಸಿ, ಮತ್ತೆ ಮೇಲಕ್ಕೆ ತಂದು ಮನೆಯ ಹಾಲಿನಲ್ಲಿಟ್ಟರು. ಬಂದಿದ್ದ ನೆಂಟರು ಕಾಲು ಮಡಚಿಕೊಂಡು ಜಾಗ ಬಿಟ್ಟರು. ಎಲ್ಲರ ಮುಂದೆ ಅಳು ಬರುತ್ತದೋ ನಗು ಬರುತ್ತದೋ ತಿಳಿಯದೆ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹೊರುವವರನ್ನು ಆರಿಸಿದ್ದು ಅವಳೇ. ಗೆದ್ದವರೇ ಹೊರಲಿ ಎಂದು ಅವಳ ಲೆಕ್ಕ. ಮುಂದೆ ಕಪ್ ಮೇಲೆ ಕಪ್ ಗೆದ್ದು ‘ರಾಣಿ’ ಎನಿಸಿಕೊಂಡವಳು ಮತ್ತು ಹಲ್ಲಿನ ಡಾಕ್ಟರು, ಹಿಂದೆ ಅವಳಿ ಅಣ್ಣತಮ್ಮಂದಿರು. “ಅಕ್ಕ, ನಾನೂ ಒಂದು ಕೈ ಕೊಡ್ಲಾ?” ಎಂದು ಬೆಳಿಗ್ಗೆಯಿಂದ ಸುತ್ತುತ್ತಿದ್ದ ಅಮ್ಮನ ಇನ್ನೊಬ್ಬ ಶಿಷ್ಯ ಧೊಪ್ಪಣ್ಣನ ಕೈಗೆ ಹೂಗುಚ್ಛ ತುರುಕಿದ್ದಳು. ಹೂವು ಬಿದ್ದರೆ ಯಾರಿಗೂ ಪೆಟ್ಟಾಗುವುದಿಲ್ಲವಲ್ಲ. ಈಗ ಬ್ಯಾಂಕಿನಲ್ಲಿ ಗುಮಾಸ್ತನಾಗಿ, ತಲೆ ಬೋಳಾದರೂ ಹೆಸರು ಮಾತ್ರ ಧೊಪ್ಪಣ್ಣನೇ.

* * *

ಆ ಹೆಸರು ಅವನಿಗೆ ಬಂದದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಹಾರಿದಷ್ಟು ಸಲವೂ ಧೊಪ್ಪನೆ ಬೀಳುತ್ತಿದ್ದ. ಸ್ಪರ್ಧೆಗೆ ಅವನಿಗೊಂದು ಐಸ್ ನೃತ್ಯ ಹೊಂದಿಸಬೇಕೆಂದು ಟೀಚರ್ ಊಟದ ಮೇಜಿನ ಮುಂದೆ ಕೂತರು. ಅವರ ಕ್ರಮವೇ ಹಾಗೆ: ಮೇಜೇ ಐಸು, ಉಪ್ಪಿನ ಡಬ್ಬಿಯೇ ಹುಡುಗ. ಡಬ್ಬಿ ಮೇಜಿನ ತುಂಬ ಓಡಾಡುತ್ತಿತ್ತು, ಎದುರಿಗೆ ಕೂತ ಗಂಡ ತಟ್ಟೆ ಹಿಡಿದು ಕಾಯುತ್ತಿದ್ದರು.

“ಉಪ್ಪು ಕೊಡೇ ಮಾರಾಯ್ತಿ.”

“ಸ್ವಲ್ಪ ಇರ್ರೀ, ಇನ್ನೂ ತಿರುಗ್ತಾ ಇದಾನೆ.”

“ಅವನಿಗೆ ಬರೋದು ಬೀಳೋದೊಂದೇ ಅಮ್ಮ” ಎಂದಳು ಮಗಳು. ಅವಳಿಗೆ ಐಸು ಕಂಡರಾಗದು. ಅಮ್ಮನ ಬಾಯಲ್ಲಿ ಯಾವಾಗಲೂ ಊರ ಮಕ್ಕಳ ಸುದ್ದಿಯೇ ಎಂದು ಸಿಟ್ಟು ಬೇರೆ.

“ಬೀಳೋದು ಎಲ್ರಿಗೂ ಬರುತ್ತೆ. ಅವನು ಹಿಂದಕ್ಕೆ ಹೋಗೋದು ನೋಡಿದೀಯಾ? ಬೆನ್ನಲ್ಲಿ ಕಣ್ಣಿದೆ ಅವನಿಗೆ. ಎಲ್ರೂ ಎಡಕ್ಕೆ ತಿರುಗಿದ್ರೆ ಅವನೊಬ್ಬ ಬಲಕ್ಕೆ ತಿರುಗ್ತಾನೆ. ಬರದೇ ಇರೋದನ್ನ ಹಿಡ್ಕೊಂಡು ಅಳೋದ್ಯಾಕೆ? ಬರೋದನ್ನ ಮುಂದಿಡೋಣ.”

ಹಾಗೆ ಇಡೀ ನೃತ್ಯವೇ ಹಿಂದಕ್ಕೆ ಸಾಗುವಂತಾಯಿತು. ಹಾರುವುದು ಒಂದೇ ಸಲ, ಅದೂ ಕಟ್ಟಕಡೆಗೆ. “ಬಿದ್ರೆ ಎದ್ದೇಳ್ಬೇಡ ಕಣೋ. ಕೂತಲ್ಲೇ ಎರಡೂ ಕೈ ಚಾಚಿಬಿಡು. ಅದೇ ಮುಕ್ತಾಯ ಅಂದ್ಕೋತಾರೆ” ಎಂದು ಹೇಳಿಕೊಟ್ಟರು.

ಸ್ಪರ್ಧೆಯ ದಿನ ಧೊಪ್ಪಣ್ಣ ಬೀಳಲೇ ಇಲ್ಲ! ನೆಟ್ಟಗೆ ಇಳಿದು ನಿಂತವನಿಗೆ ಮುಂದೇನು ಮಾಡಬೇಕೆಂದೇ ತೋಚಲಿಲ್ಲ. ಆಚೀಚೆ ನೋಡಿದ, ಹೇಳಿಕೊಟ್ಟದ್ದು ನೆನಪಾಯಿತು, ಧೊಪ್ಪನೆ ಕೂತು ಕೈ ಚಾಚಿದ. ಟೀಚರ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಕೊನೆಯಿಂದ ಎರಡನೇ ಸ್ಥಾನ ಬಂತು. ಇಬ್ಬರೂ ಹಿಗ್ಗಿಹೋಗಿದ್ದರು.

* * *

ಹಾಲಿನಲ್ಲಿ ಎಲ್ಲರೂ ಒಂದೊಂದು ಸಲಹೆ ಕೊಡುತ್ತಿದ್ದಾಗ ಟೀಚರ್ ಗಂಡ ಎದ್ದು ಊಟದ ಮೇಜಿಗೆ ಹೋದರು. ಚಮಚಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಬಲಕ್ಕೆ ತಿರುಗಿಸಿದರು. ನಡುವೆ ಉಪ್ಪಿನ ಡಬ್ಬಿ ಇಟ್ಟರು.

“ಇದು ನಿಮ್ಮಮ್ಮ.”

“ಅಪ್ಪಾ!”

“ಸುಮ್ನಿರು. ಮುಂದೆ ಇರೋನು ಹಿಂದಕ್ಕೆ ಇಳೀಬೇಕು, ಬಲಕ್ಕೆ ತಿರುಗ್ಬೇಕು. ಅಂಥೋನು ನಮ್ಮಲ್ಲಿ ಒಬ್ಬನೇ ಇರೋದು.” ಡಬ್ಬಿಯ ಮುಂದೆ ಒಂದು ಬೆಂಕಿಪೊಟ್ಟಣ ಇಟ್ಟು, ಎರಡನ್ನೂ ಕೊನೆಯ ಚಮಚದವರೆಗೆ ಇಳಿಸಿದರು. ಎಲ್ಲರೂ ಮೂಲೆಯಲ್ಲಿದ್ದ ಹೂಗುಚ್ಛದ ಕಡೆ ನೋಡಿದರು.

“ಬೇಡಪ್ಪ” ಎಂದಳು ಮಗಳು. “ಬೇರೆಯವರು ಬೀಳಬಾರದು ಅಂತ ಜೀವಮಾನ ಎಲ್ಲಾ ಸವೆಸಿದ್ಲು ಅಮ್ಮ. ಇವತ್ತೊಂದು ದಿನ ಅವಳು ಬೀಳಬಾರದು. ಅಷ್ಟೇ ನಂಗೆ ಬೇಕಾಗಿರೋದು.”

ಧೊಪ್ಪಣ್ಣ ಮುಂದೆ ಬಂದ. “ಅಕ್ಕ, ನಾನು ಬಿದ್ದಿದೀನಿ, ನಿಜ. ಆದ್ರೆ ಇದುವರೆಗೂ ಯಾರನ್ನೂ ಬೀಳಿಸಿಲ್ಲ.”

ಅವಳು ಅವನನ್ನೇ ನೋಡಿದಳು. ಆಮೇಲೆ ಹೂಗುಚ್ಛ ಕಿತ್ತುಕೊಂಡು ಹಲ್ಲಿನ ಡಾಕ್ಟರ ಕೈಗೆ ಕೊಟ್ಟಳು. ಡಾಕ್ಟರಿಗೆ ಒಳಗೊಳಗೇ ಖುಷಿಯಾಯಿತು, ಬೆಳಿಗ್ಗೆಯಿಂದ ಸೊಂಟ ಹಿಡಿದುಕೊಂಡಿತ್ತು.

“ರಾಣಿ ಮುಂದುಗಡೆ ನಂಗೆ ಜೊತೆಯಾಗ್ಲಿ. ನಾನು ಹೇಳೋ ತನಕ ಯಾರೂ ತಿರುಗ್ಬೇಡಿ” ಎಂದ ಧೊಪ್ಪಣ್ಣ. ಬ್ಯಾಂಕಿನಲ್ಲಿ ಅವನು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಕ್ಕಿಲ್ಲ.

ಇಳಿದರು. ಅವನು ಪೆಟ್ಟಿಗೆಯ ಕಡೆ ಮುಖ ಮಾಡಿ, ಹಿಂದೆ ನೋಡದೆ, ಪಾದದಿಂದ ಮೆಟ್ಟಿಲು ಹುಡುಕುತ್ತ ಇಳಿದ. ತಿರುವಿನಲ್ಲಿ ರಾಣಿಯ ಭುಜ ಎಡಕ್ಕೆ ಎಳೆಯಿತು. “ಬಲಕ್ಕೆ ರಾಣಿ, ನನ್ನ ಜೊತೆ ಬಾ” ಎಂದ. ಪೆಟ್ಟಿಗೆ ಗೋಡೆ ಮುಟ್ಟದೆ ಬೆಣ್ಣೆಯಂತೆ ತಿರುಗಿತು. ಮೇಲಿನಿಂದ ಮಗಳು ಉಸಿರು ಬಿಗಿಹಿಡಿದು ಹಿಂಬಾಲಿಸಿದಳು. ಪ್ರತಿ ಮಹಡಿಯ ಬಾಗಿಲಲ್ಲೂ ಜನ ನಿಂತಿದ್ದರು.

ಬೀದಿಗೆ ಬಂದರು. ಪೆಟ್ಟಿಗೆ ವ್ಯಾನಿನೊಳಕ್ಕೆ ಜಾರಿತು, ಡ್ರೈವರ್ ಬಾಗಿಲು ಹಾಕಿದ. ಧೊಪ್ಪಣ್ಣ ಹಗುರಾಗಿ ಎರಡು ಹೆಜ್ಜೆ ಹಿಂದಕ್ಕಿಟ್ಟ, ಫುಟ್‌ಪಾತಿನ ಅಂಚು ಕಾಲಿಗೆ ಸಿಕ್ಕಿತು, ಧೊಪ್ಪನೆ ಕೂತ. ಕೂತವನು ಏಳಲಿಲ್ಲ. ಅಭ್ಯಾಸಬಲದಿಂದ ಎರಡೂ ಕೈ ಚಾಚಿದ.

ಮೊದಲು ಚಪ್ಪಾಳೆ ತಟ್ಟಿದ್ದು ಮಗಳು. ಅಳುತ್ತಲೇ ತಟ್ಟಿದಳು.

ಮಣ್ಣು ಮುಗಿಸಿ ಮನೆಗೆ ಬಂದಾಗ ಪಕ್ಕದ ಮನೆಯವರು ಊಟ ಕಳಿಸಿದ್ದರು. ಅಪ್ಪ ಮಗಳು ಇಬ್ಬರೇ ಮೇಜಿನ ಮುಂದೆ ಕೂತರು.

“ಉಪ್ಪೇ ಹಾಕಿಲ್ಲ ಕಣಮ್ಮ ಇವ್ರು” ಎಂದರು ಅಪ್ಪ.

ಮಗಳು ಕೈ ಚಾಚಿದಳು. ಚಮಚಗಳ ಮೆಟ್ಟಿಲು ಮುಗಿಯುವಲ್ಲಿ, ಬೆಂಕಿಪೊಟ್ಟಣಕ್ಕೆ ಒರಗಿಕೊಂಡು ಉಪ್ಪಿನ ಡಬ್ಬಿ ನಿಂತಿತ್ತು. ಅವಳ ಕೈ ಅಲ್ಲೇ ನಿಂತಿತು.

“ಬೇಡ ಬಿಡು” ಎಂದರು ಅಪ್ಪ.

ಇಬ್ಬರೂ ಸಪ್ಪೆ ಅನ್ನವನ್ನೇ ಕಲಸಿಕೊಂಡು ಉಂಡರು.